ಅಟ್ಟದ ಸೀರೆಗಳು ಇನ್ನು ಬೆಟಗೇರಿಯಲ್ಲಿ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳಿಗೆ ನಮ್ಮ ನೇಕಾರ ಸದಸ್ಯರೆಲ್ಲರ ಪರವಾಗಿ ಶರಣು.

ಗದಗಿನ ಹಳೇ ಹತ್ತಿ ವಖಾರದಲ್ಲಿರುವ ನಮ್ಮ ಮಾರಾಟ ಮಳಿಗೆ ಶ್ರಾವಣದ ಮೊದಲ ಸೋಮವಾರದಿಂದ ಮತ್ತೆ ಪೂರ್ತಿಯಾಗಿ ತೆರೆಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ: ತೊಲೆಗಳ ಕೆಳಗೆ ಹಾದುಹೋದ ಕೆಂಪು ಪೈಪುಗಳು, ಮತ್ತು ಖಾಲಿಯಾದ ಅಟ್ಟ. ಎರಡೂ ಬೆಂಕಿ ಅವಘಡದಿಂದ ಕಾಪಾಡಿಕೊಳ್ಳಲು ಮಾಡಿದ್ದು. ಪೈಪಿನ ವಿಷಯದಲ್ಲಿ ನಮ್ಮ ಸದಸ್ಯರಿಂದಲೇ ಸಾಕಷ್ಟು ಅನ್ನಿಸಿಕೊಂಡಿದ್ದೇವೆ. ಆದರೆ ನಿಮ್ಮ ಖರೀದಿಗೆ ತಟ್ಟುವುದು ಅಟ್ಟದ ಮಾತು, ಅದನ್ನೇ ಮೊದಲು ಹೇಳುತ್ತೇವೆ.

ಇನ್ನು ಮುಂದೆ ಅಂಗಡಿಯಲ್ಲಿ ಕಪಾಟುಗಳಲ್ಲಿ ಹಿಡಿಯುವಷ್ಟೇ ಮಾಲು ಇರುತ್ತದೆ. ಉಳಿದದ್ದು ಬೆಟಗೇರಿಯ ಗೋದಾಮಿನಲ್ಲಿ. ಮದುವೆ ಜವಳಿ ತೆಗೆಯುವವರು, ಒಂದೇ ಬಣ್ಣದ ಹತ್ತಾರು ಆಯೇರಿ ಸೀರೆ ಬೇಕೆನ್ನುವವರು ದಯವಿಟ್ಟು ಒಂದು ದಿನ ಮೊದಲೇ ತಿಳಿಸಿ. ತಿಳಿಸದೆ ಬಂದರೂ ತರಿಸಿಕೊಡುತ್ತೇವೆ, ಒಂದು ತಾಸು ಚಹಾ ಕುಡಿಯುತ್ತ ಕೂಡಬೇಕಾದೀತು.

ಕಾರಣ ಇಷ್ಟು. ಈ ಕಟ್ಟಡ ಕಟ್ಟಿದ್ದು ಹತ್ತಿ ಅಂಡಿಗೆ ಇಡಲಿಕ್ಕೆ, ಜನ ಸೇರಲಿಕ್ಕಲ್ಲ. ಅಟ್ಟಕ್ಕೆ ಹೋಗಲು ಬರಲು ಇರುವುದು ಒಂದೇ ಕಟ್ಟಿಗೆಯ ಮೆಟ್ಟಿಲು. ಕೆಳಗೆ ಬೆಂಕಿ ಹತ್ತಿದರೆ ಆ ಮೆಟ್ಟಿಲ ಬಾಯಿಯೇ ಚಿಮಣಿಯಾಗಿ ಹೊಗೆಯನ್ನು ಮೇಲಕ್ಕೆಳೆಯುತ್ತದೆ. ಬೆಂಕಿ ಅವಘಡಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಜೀವ ತೆಗೆಯುತ್ತದೆ. ಸೂರಿನ ತನಕ ಸೀರೆ ಗಂಟು ಪೇರಿಸಿದ ಅಟ್ಟದಲ್ಲಿ ನಾಲ್ಕು ಹೆಣ್ಣುಮಕ್ಕಳು ಕುಳಿತು ಸೆರಗು ಬಿಚ್ಚಿ ನೋಡುತ್ತಿದ್ದಾಗ ಹೀಗಾದರೆ ಅವರು ಇಳಿಯುವುದೆಲ್ಲಿಂದ? ಹಾಗಾಗಿ ಮೆಟ್ಟಿಲ ಸುತ್ತ ಗೋಡೆ ಕಟ್ಟಿಸಿ, ತಾನಾಗಿ ಮುಚ್ಚಿಕೊಳ್ಳುವ, ಒಂದು ತಾಸು ಬೆಂಕಿ ತಡೆಯುವ ಬಾಗಿಲು ಹಾಕಿಸಿದ್ದೇವೆ. ಗ್ರಾಹಕರನ್ನು ಮೇಲೆ ಕರೆದೊಯ್ಯುವುದು ನಿಂತಿತು.

'ಅಷ್ಟು ಹೆದರಿಕೆ ಇದ್ದರೆ ಕಟ್ಟಿಗೆಯನ್ನೆಲ್ಲ ಕಿತ್ತು ಆರ್‌ಸಿಸಿ ಮಾಡಿಸಬಾರದೇ' ಎಂದು ಕೇಳಿದವರಿದ್ದಾರೆ. ದಪ್ಪ ಸಾಗವಾನಿ ತೊಲೆ ನಾವು ಎಣಿಸಿದಷ್ಟು ಸುಲಭಕ್ಕೆ ಸೋಲುವುದಿಲ್ಲ. ಅಂಥ ಗಟ್ಟಿ ಕಟ್ಟಿಗೆ ಬೆಂಕಿಯಲ್ಲಿ ನಿಮಿಷಕ್ಕೆ ಅರ್ಧ ಮಿ.ಮೀ. ಆಸುಪಾಸಿನಲ್ಲಿ ಕರಕಾಗುತ್ತ ಹೋಗುತ್ತದೆ, ಆ ಕರಕೇ ಒಳಗಿನ ತಿರುಳನ್ನು ಕೆಲ ಹೊತ್ತು ಕಾಯುತ್ತದೆ. ಅರ್ಧ ತಾಸಿನ ನಂತರವೂ ಹತ್ತಿಂಚಿನ ತೊಲೆಯಲ್ಲಿ ಬಹುಪಾಲು ಉಳಿದಿರುತ್ತದೆ. ನಮಗೆ ಚಿಂತೆ ಹಚ್ಚಿದ್ದು ಅಟ್ಟಕ್ಕೆ ಆಮೇಲೆ ಯಾರೋ ಆಸರೆ ಕೊಟ್ಟ ಕಬ್ಬಿಣದ ಆಂಗಲ್‌ಗಳು. ಉಕ್ಕು 550 ಡಿಗ್ರಿ ಸುಮಾರಿಗೆ ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಅವುಗಳಿಗೆ ಬಿಸಿ ತಾಗಿದರೆ ಉಬ್ಬಿ ದಪ್ಪ ಪದರವಾಗುವ ಬಣ್ಣ ಬಳಿಸಿದ್ದೇವೆ. ತೊಲೆಗಳನ್ನು ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.

ಈಗ ಕೆಂಪು ಪೈಪು. ಅದರಲ್ಲಿ ಸದಾ ನೀರು ತುಂಬಿರುತ್ತದೆ. ಪ್ರತಿ ಸ್ಪ್ರಿಂಕ್ಲರ್ ಬಾಯಿಗೆ ಕೆಂಪು ದ್ರವದ ಸಣ್ಣ ಗಾಜಿನ ಬುರುಡೆ ಅಡ್ಡ ಇದೆ. ಬುರುಡೆ 68 ಡಿಗ್ರಿಗೆ ಕಾದಾಗ ಒಡೆಯುತ್ತದೆ, ಆ ಒಂದು ಬಾಯಿಯಿಂದಷ್ಟೇ ನೀರು ಚಿಮ್ಮುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಒಂದು ಬೀಡಿ ಹೊಗೆಗೆ ಇಡೀ ಅಂಗಡಿ ತೊಯ್ಯುವುದಿಲ್ಲ, ಹೊಗೆಗೂ ಈ ಬುರುಡೆಗೂ ಸಂಬಂಧವೇ ಇಲ್ಲ. (ಬೀಡಿ ಸೇದಲು ಇದು ಪರವಾನಗಿಯಲ್ಲ.) ಪೈಪಿಗೆ ಕಟ್ಟಿಗೆಯ ಬಣ್ಣ ಹಚ್ಚಿ ಮರೆಮಾಡಿ ಎಂದರು ಸದಸ್ಯರು. ಅಗ್ನಿಶಾಮಕ ದಳದವರು ಹೊಗೆಯೊಳಗೆ ಬಂದರೂ ಒಂದೇ ನೋಟಕ್ಕೆ ಗುರುತಿಸಬೇಕೆಂದು ಕೆಂಪೇ ಉಳಿಸಿದೆವು. ಕಣ್ಣಿಗೆ ಒಗ್ಗಲು ಒಂದು ಹಬ್ಬ ಕಳೆಯಬೇಕು, ಅಷ್ಟೇ.

ಈ ಪೈಪುಗಳ ನೀರಿಗಾಗಿ ಅಂಗಳದ ಕೆಳಗೆ 50,000 ಲೀಟರಿನ ತೊಟ್ಟಿ ತೋಡಿಸಿದಾಗ ಓಣಿಯವರ ಮುಖ ಗಂಟಿಕ್ಕಿದ್ದು ಸಹಜವೇ. ನಳಕ್ಕೆ ಎಂದು ನೀರು ಬಿಡುತ್ತಾರೆಂದು ಕಾಯುವ ಊರಿದು. ಅದಕ್ಕೇ ನಳದ ನೀರಿಗೆ ಕೈಹಾಕಿಲ್ಲ. ವಖಾರದ ತಗಡಿನ ಮೇಲೆ ಬಿದ್ದ ಮಳೆನೀರನ್ನೇ ಸೋಸಿ ತುಂಬಿಸುತ್ತೇವೆ. ಬೋರ್‌ವೆಲ್ಲಿನ ಸವಳು ನೀರು ಪೈಪಿನೊಳಗೆ ಪದರುಗಟ್ಟುತ್ತದೆ, ಆದ್ದರಿಂದ ಅದೂ ಬೇಡವಾಯಿತು.

ಹೊಗೆ ಗುರುತಿಸುವ ಯಂತ್ರಗಳು ಬೇರೆ ಇವೆ. ಅವು ನೀರು ಬಿಡುವುದಿಲ್ಲ, ಬೊಬ್ಬೆ ಹಾಕುತ್ತವೆ. ಲೋಬಾನದ ಹೊಗೆಗೂ ಹಾಕುತ್ತವೆ! ಹೀಗಾಗಿ ಅಮಾವಾಸ್ಯೆಯ ಪೂಜೆ, ದೀಪಾವಳಿಯ ಲಕ್ಷ್ಮೀಪೂಜೆ ಇನ್ನು ಹೊರಗಿನ ಕಲ್ಲುಕಟ್ಟೆಯ ಮೇಲೆ. ಪ್ರಸಾದಕ್ಕೆ ಅಲ್ಲಿಗೇ ಬನ್ನಿ, ಗಾಳಿಯೂ ಚೆನ್ನಾಗಿದೆ.

ದುಡ್ಡಿನ ಮಾತು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು, ಮಹಾಸಭೆಯಲ್ಲಿ ಪೈಸೆ ಪೈಸೆಗೂ ಲೆಕ್ಕ ಕೇಳುವುದು ನಮ್ಮ ಸದಸ್ಯರಿಗೆ ಹೊಸದಲ್ಲ. ಬೇಕಾದಷ್ಟು ಜಗಳವಾಯಿತು. ಕೊನೆಗೆ ಖರ್ಚಿನ ಹೆಚ್ಚಿನ ಪಾಲನ್ನು ಆಪದ್ಧನ ನಿಧಿಯಿಂದ ತೆಗೆಯುವುದೆಂದೂ, ನೇಕಾರರ ಮಜೂರಿಗೆ ಕೈ ಹಚ್ಚಬಾರದೆಂದೂ ಠರಾವಾಯಿತು. ಸೀರೆಗಳ ಬೆಲೆ ಏರಿಲ್ಲ, ಆದರೆ ದಸರೆಯ ರಿಯಾಯಿತಿ ಈ ವರ್ಷ ಶೇ. 20ರ ಬದಲು ಶೇ. 15. ಬೇಸರವಾಗುವುದು ಗೊತ್ತಿದೆ. ಬಿಲ್ಲು ಮಾಡುವಾಗ ತಿಳಿಯುವುದಕ್ಕಿಂತ ಈಗಲೇ ತಿಳಿಯಲಿ ಎಂದು ಬರೆದೆವು.

ಇನ್ನೊಂದು ಕೋರಿಕೆ. ಹಿಂದಿನ ಗೋಡೆಯಲ್ಲಿ ಹೊರಕ್ಕೆ ತೆರೆಯುವ, ತಳ್ಳಿದರೆ ಸಾಕಾಗುವ ಹೊಸ ಬಾಗಿಲು ಇಟ್ಟಿದ್ದೇವೆ. ಅದು ಓಣಿಗೆ ತೆರೆಯುತ್ತದೆ. ಅಲ್ಲಿ ಬೈಕ್ ನಿಲ್ಲಿಸಿದರೆ ಬಾಗಿಲು ಇದ್ದೂ ಇಲ್ಲದಂತೆ. ಗಾಡಿಗಳಿಗೆ ಮುಂದಿನ ಅಂಗಳದ ಎಡಬದಿಯಲ್ಲಿ ಜಾಗ ಮಾಡಿದ್ದೇವೆ. ದಯವಿಟ್ಟು ಅಲ್ಲೇ ನಿಲ್ಲಿಸಿ.

ಇಂತಿ ನಿಮ್ಮ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ
ಗದಗ-ಬೆಟಗೇರಿ