ಅಮ್ಮನಿಲ್ಲದ ಕ್ರಿಸ್ಮಸ್‌ಗೆ ಬಂದ ತಟ್ಟೆಗಳು

ಅಮ್ಮ ಆಗಸ್ಟ್‌ನಲ್ಲಿ ತೀರಿಕೊಂಡರು. ಸಾವಾದ ಮನೆಯಲ್ಲಿ ಆ ವರ್ಷ ನಾವು ಕುಸ್ವಾರ್, ಅಂದರೆ ಕ್ರಿಸ್ಮಸ್‌ನ ತಿಂಡಿಗಳನ್ನು, ಮಾಡುವುದಿಲ್ಲ. ಡಿಸೆಂಬರ್ 24ರ ಸಂಜೆ ಒಲೆ ಮೇಲೆ ಬಾಣಲೆ ಇರಲಿಲ್ಲ, ಬಾಗಿಲಲ್ಲಿ ನಕ್ಷತ್ರವೂ ಇರಲಿಲ್ಲ. ಏಳು ಗಂಟೆಗೆ ಗೇಟು ಸದ್ದಾಯಿತು. ಹೋಗಿ ನೋಡಿದರೆ ಆರು ಜನ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಗಳು. ಇಬ್ಬರ ಸೊಂಟದ ಮೇಲೆ ಪುಟ್ಟ ಮಕ್ಕಳು.

ಅವತ್ತು ನನ್ನ ಗಂಟಲು ಕಟ್ಟಿತ್ತು, ಮಾತೇ ಹೊರಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಮಕ್ಕಳ ಹಾಸ್ಟೆಲ್‌ಗೆ ಅಮ್ಮ ಪ್ರತಿ ಕ್ರಿಸ್ಮಸ್‌ಗೆ ಹೋಗುತ್ತಿದ್ದರು. ಜೊತೆಗೆ ನಾನು. ಅಲ್ಲಿದ್ದವರಲ್ಲಿ ಕೂಲಿಗೆಂದು ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದವರ ಮಕ್ಕಳೇ ಜಾಸ್ತಿ. ಕೇಕು ಕೊಡುವುದು, ಎರಡು ಹಾಡು ಹೇಳುವುದು, ಬರುವುದು. ಮೊದಮೊದಲು ನಮ್ಮ ಸೇವೆ ಅಷ್ಟೇ ಇತ್ತು.

2001ರ ಡಿಸೆಂಬರ್ ಇರಬೇಕು. ಕುಸ್ವಾರ್ ತಟ್ಟೆ ಅಕ್ಕಪಕ್ಕದ ಎಲ್ಲರ ಮನೆಗೂ ಹೋಗುತ್ತದೆ, ಹಿಂದೂಗಳ ಮನೆಗೂ, ಬ್ಯಾರಿ ಮುಸ್ಲಿಮರ ಮನೆಗೂ ಅಂತ ನಾನು ಹೇಳುತ್ತಿದ್ದೆ. ಒಬ್ಬ ಹುಡುಗಿ ಕೇಳಿದಳು: "ಅಕ್ಕಾರ, ನಮಗ ಯಾರೂ ತಾಟು ಕಳಸಂಗಿಲ್ಲೇನ್ರಿ?"

ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು, "ತಟ್ಟೆ ಬರಬೇಕಾದರೆ ತಟ್ಟೆ ಹೋಗಬೇಕು. ಆ ಮಕ್ಕಳೇ ಮಾಡಿ ಕಳಿಸಲಿ" ಅಂದರು.

ಆಮೇಲಿನ ಮೂರು ದಿನ ಹಾಸ್ಟೆಲ್ ಅಡುಗೆಮನೆಯಲ್ಲಿ ಹಬ್ಬವೋ ಹಬ್ಬ. ಹೊಸ ಬಾಚಣಿಗೆಗಳ ಮೇಲೆ ಹಿಟ್ಟು ಒತ್ತಿ, ಸುತ್ತಿ ಕಿಡಿಯೋ ಮಾಡಿದರು. ಕರ್ಜಿಕಾಯಿಯಂಥ ನೆವ್ರಿಗೆ ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿದರು. ತುಂಬಿದ್ದಕ್ಕಿಂತ ತಿಂದದ್ದೇ ಹೆಚ್ಚು, ಅಮ್ಮ ನೋಡಿಯೂ ಸುಮ್ನಿದ್ದರು. ರೋಸ್ ಕುಕ್ಕೀಸ್ ಅಚ್ಚನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಇಲ್ಲದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಮೇಲಂಚು ಮುಳುಗುವಷ್ಟು ಅದ್ದಿದರೆ ಹೂವು ಬಿಡಿಸಿಕೊಳ್ಳುವುದಿಲ್ಲ. ತಟ್ಟೆ ಕೇಳಿದ್ದ ಹುಡುಗಿ ಪಕ್ಕದಲ್ಲೇ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

24ರಂದು ಮಕ್ಕಳೇ ಬೀದಿಯ ಮನೆಮನೆಗೆ ತಟ್ಟೆ ಹೊತ್ತು ಹೋದರು. ಮುಂದಿನ ದೀಪಾವಳಿಗೆ ಆ ಮನೆಗಳಿಂದ ಹಾಸ್ಟೆಲ್‌ಗೆ ತಟ್ಟೆಗಳು ಬಂದವು. ಈದ್‌ಗೂ ಬಂದವು. ಆ ಮನೆಯವರಿಗೆಲ್ಲ ನನ್ನ ನಮಸ್ಕಾರ. ಅಡುಗೆಮನೆ ಬಿಟ್ಟುಕೊಟ್ಟ ಸಿಸ್ಟರ್‌ಗಳಿಗೂ.

ಕ್ರಿಸ್ಮಸ್ ಮರುದಿನ ಮಕ್ಕಳನ್ನು ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗುತ್ತಿದ್ದೆವು. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರ ಸುಮಾರಿಗೆ ಬಂದು ಚಿತ್ರ ಬರೆದ ಚಾಪೆಲ್ ಅದು. ಮೇಲ್ಛಾವಣಿಯ ತುಂಬ ಅಲೋಶಿಯಸ್ ಗೊನ್ಜಾಗರ ಬದುಕು. 1591ರಲ್ಲಿ ರೋಮ್‌ನಲ್ಲಿ ಪ್ಲೇಗು ಬಂದವರ ಆರೈಕೆ ಮಾಡುತ್ತಾ ಅವರೂ ಕಾಯಿಲೆ ಬಿದ್ದು ತೀರಿಕೊಂಡರು, ಆಗ ಇನ್ನೂ 23 ವರ್ಷ ಅಂತ ಅಮ್ಮ ಹೇಳಿದಾಗ ಒಬ್ಬ ಪುಟ್ಟ ಕೇಳಿದ: "ಅವರಿಗೆ ಊಟ ಯಾರು ಕೊಡ್ತಿದ್ರು?" ಅಮ್ಮ ಇದನ್ನು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸ್‌ಗಳಿಗೂ ಹೇಳಿದರು.

ಆ ಪುಟ್ಟನೂ ಈ ಸಲ ಗೇಟಿನ ಹತ್ತಿರ ನಿಂತಿದ್ದ. ಈಗ ಗಡ್ಡ ಬಂದಿದೆ. ಒಳಗೆ ಬಂದವನೇ, "ಅಕ್ಕಾ, ನೀವು ಊಟ ಮಾಡಿದ್ರಾ?" ಅಂದ. ನಿಜ ಹೇಳುತ್ತೇನೆ, ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಕೇಳಿದವರು ಕಡಿಮೆ. ಆರೂ ಜನ ನನ್ನನ್ನು ಕೂರಿಸಿ, ಬಡಿಸಿ, ತಿನ್ನುವವರೆಗೂ ಕದಲಲಿಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಮಕ್ಕಳೇ?

ತಟ್ಟೆಯನ್ನು ಖಾಲಿ ವಾಪಸ್ ಕಳಿಸಬಾರದು ಅನ್ನುವುದು ಅಮ್ಮನ ನಿಯಮ. ಮನೆಯಲ್ಲಿ ಸಿಹಿ ಏನೂ ಇರಲಿಲ್ಲ. ಅಮ್ಮನ ಅಚ್ಚು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆರು ಜನರಲ್ಲಿ ಅವತ್ತು ತಟ್ಟೆ ಕೇಳಿದ್ದ ಹುಡುಗಿಯೂ ಇದ್ದಳು. ಅದನ್ನೇ ಅವಳ ತಟ್ಟೆಯಲ್ಲಿಟ್ಟೆ.

ಬರುವ ಡಿಸೆಂಬರ್‌ನಲ್ಲಿ ಅದನ್ನು ತಗೊಂಡು ಬಾಮ್ಮಾ. ಎಣ್ಣೆ ನಾನು ಕಾಯಿಸಿಟ್ಟಿರುತ್ತೇನೆ.