ಆ ರಾತ್ರಿ ನಾನು ಬದಲಿಸಿದ ಎರಡು ವೈರು

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ. ಅಜ್ಜಿಯ ಮಂಡಿನೋವು ಹಾಗೇ ಇದೆ, ಜಾಸ್ತಿಯಾಗಿಲ್ಲ. ಹಾಸ್ಟೆಲ್ ಊಟ ಈಗ ಒಗ್ಗಿದೆ ಅಂತ ನೀನು ಫೋನಿನಲ್ಲಿ ಹೇಳಿದ ಮೇಲೆ ನಿಮ್ಮಮ್ಮ ಅವತ್ತು ನೆಮ್ಮದಿಯಾಗಿ ಉಂಡಳು.

ಫೋನ್ ಇಡುವ ಮುಂಚೆ ನೀನು "ಅಪ್ಪಾ, ನಮ್ ರೋಬೋ ಹೆಂಗೈತೆ?" ಅಂತ ಕೇಳಿದೆ. "ಚೆನ್ನಾಗೈತೆ" ಅಂದುಬಿಟ್ಟೆ. ನಿನ್ನ ಹಿಂದೆ ಮಕ್ಕಳು ಫೋನಿಗೆ ಸಾಲು ನಿಂತಿದ್ದರು, ಎಲ್ಲ ಹೇಳುವಷ್ಟು ಹೊತ್ತು ಇರಲಿಲ್ಲ. ನಿಜ ಹೇಳಬೇಕೆಂದರೆ ಅದು ಕೆಟ್ಟಿದೆ. ಏನಾಗಿದೆ ಅಂತ ಕೊನೆಗೆ ಬರೆಯುತ್ತೇನೆ. ಅದಕ್ಕೂ ಮುಂಚೆ ಹಳೆಯದೊಂದು ವಿಷಯ ಇದೆ. ಒಂದೂವರೆ ವರ್ಷದಿಂದ ಹೇಳಬೇಕು ಹೇಳಬೇಕು ಅಂದುಕೊಂಡು ಸುಮ್ಮನಿದ್ದೇನೆ.

ರೋಬೋ ಗಾಡಿ ಜೋಡಿಸುವ ಕಿಟ್ ಬಂದ ದಿನ ನೆನಪಿದೆಯಾ? ಬೇಸಿಗೆ ರಜೆ. ನಡುಮನೆಯಲ್ಲಿ ಪೇಪರ್ ಹಾಸಿ ಎಲ್ಲ ಸಾಮಾನು ಹರಡಿಕೊಂಡು ಕೂತಿದ್ದೆ ನೀನು. ಕಂದು ಬಣ್ಣದ ತಟ್ಟೆ ನೋಡಿ ನಾನು ಅದು ರಟ್ಟು ಅಂದುಕೊಂಡೆ. ನೀನು ಉಗುರಿನಿಂದ ಅಂಚು ಎಬ್ಬಿಸಿ ಮೇಲಿನ ಕಾಗದ ಸುಲಿದಾಗ ಒಳಗಿಂದ ಗಾಜಿನಂಥ ಅಕ್ರಿಲಿಕ್ ಬಂತು. ಇಡೀ ಮಧ್ಯಾಹ್ನ ಅದನ್ನೇ ಸುಲಿದೆ. ನಾನು ಹಳದಿ ಮೋಟಾರನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದೆ. ನನ್ನ ವೈಂಡಿಂಗ್ ಅಂಗಡಿಗೆ ಬರುವುದು ಜಗಳೂರು ಕಡೆಯ ಬೋರ್‌ವೆಲ್ ಮೋಟಾರುಗಳು. ಏಳೂವರೆ ಎಚ್‌ಪಿ, ಹತ್ತು ಎಚ್‌ಪಿ. ಗಾಡಿಯಿಂದ ಇಳಿಸಲು ಇಬ್ಬರು ಬೇಕು. ಇದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಆದರೂ ಒಳಗಿನ ಕೆಲಸ ಎಷ್ಟು ಚೆಂದ! ಪುಟ್ಟ ಮೋಟಾರು 48 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ನಡುವಿನ ಪ್ಲಾಸ್ಟಿಕ್ ಹಲ್ಲುಚಕ್ರಗಳು ವೇಗ ಕಡಿಮೆ ಮಾಡಿ ಬಲ ಜಾಸ್ತಿ ಮಾಡುತ್ತವೆ.

ರಾತ್ರಿ ಒಂಬತ್ತಕ್ಕೆ ನೀನು ಸ್ವಿಚ್ ಹಾಕಿದೆ. ಮುಂದೆ ಹೋಗಬೇಕಾದ ಗಾಡಿ ನಿಂತಲ್ಲೇ ಗಿರಗಿರ ಸುತ್ತಿತು. ನಿನ್ನ ತಮ್ಮ ಚಪ್ಪಾಳೆ ತಟ್ಟಿದ. ನೀನು ಕೆನ್ನೆ ನೆಲಕ್ಕೆ ಹಚ್ಚಿ ಮಲಗಿ ಗಾಲಿಗಳನ್ನೇ ನೋಡಿದೆ. "ಎರಡಕ್ಕೂ ಒಂದೇ ಥರ ವೈರ್ ಕೊಟ್ಟೀನಿ. ಒಂದು ಯಾಕೆ ಹಿಂದಕ್ಕೆ ಹೋಗ್ತೈತೆ?" ಅಂದೆ. ಅಷ್ಟರಲ್ಲಿ ನಿಮ್ಮಮ್ಮ ಮಲಗಲು ಕರೆದಳು. "ನಾಳೆ ನಾನೇ ಕಂಡುಹಿಡೀತೀನಿ. ನೀನು ಮುಟ್ಟಬೇಡ ಅಪ್ಪಾ" ಅಂತ ಹೇಳಿ ಹೋದೆ.

ನಾನು ಮುಟ್ಟಿದೆ, ಪುಟ್ಟಿ.

ಎರಡು ಮೋಟಾರು ಒಂದಕ್ಕೊಂದು ಬೆನ್ನು ಮಾಡಿ ಕೂತಿರುತ್ತವೆ. ಎರಡಕ್ಕೂ ಒಂದೇ ಥರ ಕರೆಂಟ್ ಕೊಟ್ಟರೆ ಒಂದು ಗಾಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ನನಗೆ ಇದು ದಿನನಿತ್ಯದ ಕೆಲಸ. ತ್ರೀ ಫೇಸ್ ಪಂಪು ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವೈರು ಅದಲು ಬದಲು ಮಾಡುತ್ತೇವೆ. ಇದಕ್ಕೆ ಇರುವುದೇ ಎರಡು. ನೀವೆಲ್ಲ ಮಲಗಿದ ಮೇಲೆ ಸ್ಕ್ರೂ ಸಡಿಲಿಸಿ ಕೆಂಪು ವೈರು ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು ಹಾಕಿದೆ. ಅರ್ಧ ನಿಮಿಷ ಹಿಡಿಯಲಿಲ್ಲ. ಬೆಳಿಗ್ಗೆ ನಿನಗೆ ಖುಷಿಯಾಗುತ್ತದೆ ಅಂದುಕೊಂಡೆ.

ಬೆಳಿಗ್ಗೆ ನೀನು ಮುಖ ತೊಳೆಯದೇ ಬಂದು ಸ್ವಿಚ್ ಹಾಕಿದೆ. ಅದು ನೆಟ್ಟಗೆ ಹೋಗಿ ಮಂಚದ ಕಾಲಿಗೆ ಗುದ್ದಿತು. ನೀನು ಎತ್ತಿಕೊಂಡು ತಿರುಗಿಸಿ ನೋಡಿದೆ. ವೈರಿನ ಬಣ್ಣ ನೋಡಿದೆ. ಆಮೇಲೆ ನನ್ನನ್ನು ನೋಡಿದೆ. "ಓ... ಸರಿಹೋಯ್ತಾ" ಅಂದು ಹಲ್ಲುಜ್ಜಲು ಹೋದೆ. ರೋಬೋ ಎರಡು ವಾರ ಬೀರುವಿನ ಮೇಲೇ ಇತ್ತು. "ಮಕ್ಕಳಿಗೆ ಆಸೆ ನಾಲ್ಕೇ ದಿನ" ಅಂದಳು ನಿಮ್ಮಮ್ಮ. ಆಸೆ ಹೋಗಿರಲಿಲ್ಲ, ನಾನು ಕಿತ್ತುಕೊಂಡಿದ್ದೆ. ಆ ತಪ್ಪು ಹುಡುಕುವ ಕೆಲಸ ನಿನ್ನದಾಗಿತ್ತು. ನೀನು ಬಾಯಿಬಿಟ್ಟು ಬೇಡ ಅಂದಿದ್ದೆ. ತಪ್ಪಾಯ್ತು ಮಗಳೇ.

ನನಗೆ ಇದು ಗೊತ್ತಿರಬೇಕಿತ್ತು. ಹದಿನೈದನೇ ವಯಸ್ಸಿಗೆ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮೇಸ್ತ್ರಿ ಯಾವತ್ತೂ ಫಾಲ್ಟ್ ಎಲ್ಲಿದೆ ಅಂತ ಹೇಳಿದವರಲ್ಲ. ವೈರಿನಲ್ಲಿ ಕರೆಂಟ್ ಹರಿಯುತ್ತದಾ ಅಂತ ನೋಡುವ ಸೀರಿಸ್ ಬಲ್ಬ್ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದರು. ಮೊದಲ ಸಲ ಸುಟ್ಟ ಕಾಯಿಲ್ ಹುಡುಕಲು ನನಗೆ ಬೆಳಿಗ್ಗೆಯಿಂದ ಸಂಜೆಯಾಯಿತು. ಆ ಸಂಜೆ ಮನೆಗೆ ಬಂದು ಅಜ್ಜಿಗೆ ಮೂರು ಸಲ ಅದನ್ನೇ ಹೇಳಿದೆನಂತೆ. ಈಗಲೂ ಅಜ್ಜಿ ನೆನಪಿಸುತ್ತಾಳೆ.

ಅದಕ್ಕೇ ಎರಡನೇ ಸಲ ನಾನು ಕೈ ಕಟ್ಟಿ ಕೂತೆ. ನಾವು ಬರೆದ ಪ್ರೋಗ್ರಾಂನಂತೆ ಗಾಡಿ ನಡೆಸುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೋ ಬೋರ್ಡು ಹಾಕಿದ ಮೇಲಿನ ಕಥೆ ಇದು. ಇಟಲಿಯ ಇವ್ರಿಯಾ ಎಂಬ ಊರಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ಅದನ್ನು ಮಾಡಿದರು, ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು ಅಂತ ನೀನೇ ಓದಿ ಹೇಳಿದ್ದೆ. ಹಾಗೆ ಬಿಟ್ಟುಕೊಟ್ಟಿದ್ದಕ್ಕೇ ಅದು ನಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಅವರು ದೊಡ್ಡ ಮನಸ್ಸಿನವರು.

ಬೋರ್ಡು ಹಾಕಿದ ಮೇಲೆ ರೋಬೋ ಒಂದು ಗೇಣು ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಜಗ್ಗುತ್ತಿತ್ತು. ನೀನು ಮೊದಲು ಪ್ರೋಗ್ರಾಂ ಮೇಲೆ ಅನುಮಾನಪಟ್ಟೆ. ಎಲ್ಲ ಅಳಿಸಿ ಮತ್ತೆ ಬರೆದೆ. ಮರುದಿನ ಒಂದೊಂದೇ ವೈರು ಎಳೆದು ನೋಡಿದೆ. ಮುಂದಿನ ಪುಟ್ಟ ಉರುಟು ಗಾಲಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಮಂಡಕ್ಕಿ ಕಾಳನ್ನು ಪಿನ್ನಿನಿಂದ ತೆಗೆದು, "ಇದೇ ಕಾರಣ!" ಅಂತ ಕುಣಿದೆ. ಅದಲ್ಲ. ನನಗೆ ಮೊದಲ ಕ್ಷಣದಲ್ಲೇ ತಿಳಿದಿತ್ತು. ಹೇಳದೇ ಇರಲಾಗದೆ ಎರಡು ಸಲ ಎದ್ದು ಹೋಗಿ ಹೊರಗಿನ ಕಟ್ಟೆ ಮೇಲೆ ಕೂತೆ.

ಮೂರನೇ ದಿನ ಸಂಜೆ ಕರೆಂಟ್ ಹೋಯಿತು. ನೀನು ಕತ್ತಲಲ್ಲೇ ಸ್ವಿಚ್ ಹಾಕಿದೆ. ಬೋರ್ಡಿನ ಮೇಲಿನ ಸಾಸಿವೆಯಷ್ಟು ದೀಪ ಆಗ ಎದ್ದು ಕಂಡಿತು. ಗಾಲಿ ಜಗ್ಗಿದಾಗೆಲ್ಲ ಅದು ಮಂಕಾಗುತ್ತಿತ್ತು. "ಅಪ್ಪಾ! ಗಾಲಿ ಹೊರಟ ಕೂಡ್ಲೇ ಲೈಟ್ ಡಿಮ್ ಆಗ್ತೈತೆ! ಅತ್ತೆ ಮನೇಲಿ ಮೋಟಾರ್ ಹಾಕಿದ್ರೆ ಬಲ್ಬ್ ಡಿಮ್ ಆಗಲ್ವಾ, ಹಂಗೆ!" ಅಂತ ಕೂಗಿದೆ. ಬೀದಿಗೆಲ್ಲ ಕೇಳಿಸಿತು.

ಹೌದು, ಹಾಗೇ. ಯಾವ ಮೋಟಾರಾದರೂ ಹೊರಡುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಚೌಕದ ಒಂಬತ್ತು ವೋಲ್ಟ್ ಬ್ಯಾಟರಿಗೆ ಅಷ್ಟು ಕೊಡುವ ತಾಕತ್ತಿಲ್ಲ. ವೋಲ್ಟೇಜು ಕುಸಿಯುತ್ತದೆ, ಬೋರ್ಡು ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. "3.7 ವೋಲ್ಟಿನ ಎರಡು ಸೆಲ್ ಬೇಕು, ಕೂಡಿದ್ರೆ 7.4" ಅಂತ ನೀನು ಚೀಟಿ ಬರೆದು ಕೊಟ್ಟೆ. ಒಂಬತ್ತಕ್ಕಿಂತ ಕಡಿಮೆ ವೋಲ್ಟ್ ಇದ್ದೂ ಜಾಸ್ತಿ ಬಲ ಹೇಗೆ ಅಂತ ತಮ್ಮನಿಗೆ ನೀನೇ ವಿವರಿಸಿದೆ: "ಟ್ಯಾಂಕ್ ಎತ್ತರ ಇದ್ರೆ ಸಾಲ್ದು ಕಣೋ, ಪೈಪೂ ದಪ್ಪ ಇರ್ಬೇಕು." ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಆಮೇಲೆ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಬಿಳಿ ಚಾರ್ಟ್ ಮೇಲೆ ನನ್ನ ಅಂಗಡಿಯ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ರೋಬೋ ತಾನೇ ಹಿಡಿದು ಹೋಗುವ ದಾರಿ ಮಾಡಿದೆ. ದಾರಿ ನೋಡಲು ಗಾಡಿಗೆ ಹಾಕಿದ ಸೆನ್ಸರ್ ಬಿಡುವ ಕಣ್ಣಿಗೆ ಕಾಣದ ಬೆಳಕನ್ನು ಬಿಳಿ ಕಾಗದ ವಾಪಸ್ ಕಳಿಸುತ್ತದೆ, ಕಪ್ಪು ಟೇಪು ನುಂಗುತ್ತದೆ. ಬೆಳಕು ಬರದಿದ್ದ ಕಡೆಗೆ ಗಾಡಿ ತಿರುಗಬೇಕು. ಅದನ್ನು ನೋಡಿ ಅಜ್ಜಿ, "ನಿಮ್ಮಜ್ಜನ ಮಿಲ್ಲಿನ ಮಗ್ಗಕ್ಕೂ ತಿಳೀತಿತ್ತು. ಒಂದು ನೂಲು ಹರಿದ್ರೆ ತಾನೇ ನಿಲ್ತಿತ್ತಂತೆ" ಅಂದಳು. ಹಾಸಿನ, ಅಂದರೆ ಉದ್ದಕ್ಕೆ ಎಳೆದ, ಒಂದೊಂದು ನೂಲಿಗೂ ತಗಡಿನ ಸಣ್ಣ ಪಟ್ಟಿ ನೇತು ಹಾಕಿರುತ್ತಾರೆ. ನೂಲು ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಅದೂ ಸೆನ್ಸರೇ ಅಲ್ವಾ? ನೀನು ಅವತ್ತು ಅಜ್ಜಿ ಪಕ್ಕ ಕೂತು ಎಷ್ಟು ಹೊತ್ತು ಕೇಳಿದೆ!

ಬೆಳಗಿನ ಬಿಸಿಲು ಬೀಳುವ ಪಡಸಾಲೆಯಲ್ಲಿ ಅದು ದಾರಿ ತಪ್ಪುತ್ತಿತ್ತು. ಬಿಸಿಲಿನಲ್ಲೂ ಅದೇ ಕಾಣದ ಬೆಳಕು ಇದೆ ಅಂತ ಅರ್ಧ ದಿನದಲ್ಲಿ ಪತ್ತೆ ಮಾಡಿ ಸೆನ್ಸರಿಗೆ ರಟ್ಟಿನ ಮರೆ ಕಟ್ಟಿದೆ. ನನಗೆ ಅದು ಹೊಳೆದಿರಲಿಲ್ಲ.

ಇನ್ನೊಂದು ನೆನಪು. ಪ್ರೋಗ್ರಾಂನಲ್ಲಿ ವೇಗಕ್ಕೆ ಸೊನ್ನೆಯಿಂದ 255ರವರೆಗೆ ಅಂಕಿ ಕೊಡಬಹುದು ಅಂತ ನೀನು ಸುಮ್ನೆ 50 ಕೊಟ್ಟೆ. ಮೋಟಾರು ಗುಂಯ್ ಅಂದಿತು, ತಿರುಗಲಿಲ್ಲ. ರೈತರು ಬಂದು "ಅಣ್ಣಾ, ಗುಂಯ್ ಅಂತೈತೆ, ಎತ್ತವಲ್ದು" ಅನ್ನುತ್ತಾರಲ್ಲ, ಅದೇ ಸದ್ದು ಅಂತ ನಾನು ಅಂದೆ. ಕರೆಂಟ್ ತಲುಪುತ್ತಿದೆ, ಬಲ ಸಾಲುತ್ತಿಲ್ಲ. ಕೊನೆಗೆ ಗಾಡಿ ನೆಟ್ಟಗೆ ಹೋಗಲು ಎಡಕ್ಕೆ 150, ಬಲಕ್ಕೆ 138 ಅಂತ ನೀನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದೇ ಕಂಪನಿಯ ಎರಡು ಮೋಟಾರೂ ಒಂದೇ ಸಮ ಓಡುವುದಿಲ್ಲ ಅನ್ನುವುದನ್ನು ನಾನು ಕಲಿಯಲು ವರ್ಷಗಳಾದವು.

ಈಗ ಕೆಟ್ಟಿರುವ ವಿಷಯ. ತಮ್ಮ ದಿನಾ ಓಡಿಸುತ್ತಿದ್ದ. ಹೋದ ಬುಧವಾರ ನಿಂತಿತು. ಅವನು ಅಂಗಡಿಗೇ ಹೊತ್ತು ತಂದ. ಏನಾಗಿರಬಹುದು ಅಂತ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕಂಡಿದ್ದನ್ನಷ್ಟೇ ಬರೆಯುತ್ತೇನೆ. ಸ್ವಿಚ್ ಹಾಕಿದರೆ ಬೋರ್ಡಿನ ದೀಪ ಹತ್ತುತ್ತದೆ, ಮಂಕಾಗುವುದಿಲ್ಲ. ಬಲಗಾಲಿ ತಿರುಗುತ್ತದೆ. ಎಡಗಾಲಿ ತಿರುಗುವುದಿಲ್ಲ, ಗುಂಯ್ ಅನ್ನುವ ಸದ್ದೂ ಇಲ್ಲ. ಒಂದೇ ಒಂದು ಸಲ, ತಮ್ಮ ಧೂಳು ಒರೆಸುವಾಗ ಬಟ್ಟೆ ಎಡ ಮೋಟಾರಿನ ಪಕ್ಕಕ್ಕೆ ತಾಗಿತು. ಆಗ ಅರ್ಧ ಸುತ್ತು ತಿರುಗಿ ನಿಂತಿತು.

ಸೆಲ್ ಎರಡೂ ತೆಗೆದು ಬೇರೆ ಇಟ್ಟಿದ್ದೇನೆ. ಬೇರೆ ಏನನ್ನೂ ಮುಟ್ಟಿಲ್ಲ, ತಮ್ಮನಿಗೂ ಮುಟ್ಟಬೇಡ ಅಂದಿದ್ದೇನೆ. ದಸರಾ ರಜೆಗೆ ಬರುವಾಗ ನಿನ್ನ ನೋಟ್‌ಬುಕ್ ಮರೆಯದೇ ತಾ.

ನಿನ್ನ ಅಪ್ಪ