ಮಗಳಿಗೊಂದು ಪತ್ರ: ಚಿಮ್ನಿ ಬಿಚ್ಚಿಸು, ಮೆತ್ತಿಸಬೇಡ

ಮಡಿಕೇರಿ
ಆಗಸ್ಟ್ ಕೊನೆಯ ವಾರ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ಯೋಚಿಸಿ ಹೇಳ್ತೇನೆ" ಅಂದುಬಿಟ್ಟೆ. ಯೋಚಿಸುವುದಕ್ಕೆ ಏನೂ ಇರಲಿಲ್ಲ, ಉತ್ತರ ಆಗಲೇ ಗೊತ್ತಿತ್ತು. ಆದರೆ ಅದನ್ನು ಹೇಳಹೊರಟರೆ ನಿನ್ನ ಅಪ್ಪನ ವಿಷಯವೂ ಬರುತ್ತದೆ. ಅದೆಲ್ಲ ಫೋನಿನಲ್ಲಿ ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯಲು ಕೂತೆ. ಹೊರಗೆ ಮಳೆ ಹಿಡಿದಿದೆ, ಕರೆಂಟ್ ಬೆಳಿಗ್ಗೆಯೇ ಹೋಗಿದೆ.

ಕೆನಡಾದ ನಿನ್ನ ಮನೆಯ ಚಿಮ್ನಿ ನೋಡಲು ಬಂದ ಇಬ್ಬರಲ್ಲಿ ಒಬ್ಬ, ಸಂದುಗಳಿಗೆ ಗಾರೆ ತುಂಬಿ ಮೇಲೊಂದು ಕೈ ಸಿಮೆಂಟ್ ಬಳಿದರೆ ಸಾಕು ಅಂದನಂತೆ. ಇನ್ನೊಬ್ಬ, ಮಾಡಿನಿಂದ ಮೇಲಿರುವುದನ್ನೆಲ್ಲ ಬಿಚ್ಚಿ ಹೊಸದಾಗಿಯೇ ಕಟ್ಟಬೇಕು ಅಂದನಂತೆ. ಖರ್ಚಿನಲ್ಲಿ ಅಜಗಜಾಂತರ. "ಯಾರ ಮಾತು ಕೇಳಲಿ ಅವ್ವಾ?" ಅಂದೆ. ಎರಡನೆಯವನ ಮಾತು ಕೇಳು. ಬಿಚ್ಚಿಸು. ದುಡ್ಡು ಕಡಿಮೆ ಬಿದ್ದರೆ ಈ ಸಲದ ಕಾಳುಮೆಣಸಿನ ಹಣ ಹಾಗೇ ಇದೆ, ಸಂಕೋಚ ಬೇಡ.

ನಮ್ಮ ಮನೆಯ ಚಿಮ್ನಿ ನಿನಗೆ ಗೊತ್ತಿದೆ ಅಂದುಕೊಂಡಿದ್ದೀ. ನನಗೂ ಗೊತ್ತಿದೆ ಅಂದುಕೊಂಡಿದ್ದೆ. ಹಳೆಯ ಕೊಡಗಿನ ಮನೆಗಳಲ್ಲಿ ಇಂಥದ್ದು ಇರುತ್ತಿರಲಿಲ್ಲ. ಒಲೆಯ ಹೊಗೆ ಅಟ್ಟಕ್ಕೆ ಏರಿ, ಅಲ್ಲಿ ಒಣಗಲು ಹಾಕಿದ ಮೆಣಸು, ಏಲಕ್ಕಿ, ಮಾಂಸಕ್ಕೆಲ್ಲ ತಾಗಿ, ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ನಿನ್ನ ಅಜ್ಜ ದೊರೆಗಳ ಬಂಗಲೆಗಳಲ್ಲಿ ಬೆಂಕಿಗೂಡು ನೋಡಿ ಆಸೆಪಟ್ಟು, 1958ರಲ್ಲಿ ಈ ಮನೆ ಕಟ್ಟಿಸುವಾಗ ಹಾಲಿನಲ್ಲಿ ಒಂದು ಮಾಡಿಸಿದರು. ಸಂಪಾಜೆ ಘಾಟಿ ಹತ್ತಿ ಬಂದ ಮಂಗಳೂರು ಹೆಂಚು, ಅಲ್ಲಿಂದಲೇ ತಂದ ಚಿಪ್ಪಿನ ಸುಣ್ಣ, ಇಲ್ಲೇ ಗೂಡು ಹಾಕಿ ಸುಟ್ಟ ಇಟ್ಟಿಗೆ. ಮೂವತ್ತು ವರ್ಷ ಅದಕ್ಕೆ ಏನೂ ಆಗಲಿಲ್ಲ.

ಆಮೇಲೆ ಪಶ್ಚಿಮದ ಕಡೆಯ ಸಂದುಗಳಲ್ಲಿ ಸುಣ್ಣ ತೊಳೆದುಹೋಗಲು ಶುರುವಾಯಿತು. ನಮ್ಮ ಮಳೆ ನೇರ ಬೀಳುವುದಿಲ್ಲವಲ್ಲ, ಗಾಳಿ ಹಿಡಿದುಕೊಂಡು ಅಡ್ಡಡ್ಡ ಹೊಡೆಯುತ್ತದೆ. ವರ್ಷಕ್ಕೆ ನೂರಿಪ್ಪತ್ತು ಇಂಚಿನ ಮೇಲೆ ಸುರಿಯುವ ಊರಿನಲ್ಲಿ, ಮನೆಯ ಎಲ್ಲ ಗೋಡೆಗಳಿಗೂ ಮಾಡಿನ ಇಳಿಜಾರಿನ ಆಸರೆ ಇರುತ್ತದೆ. ಚಿಮ್ನಿಗೆ ಮಾತ್ರ ಇಲ್ಲ. ನಾಲ್ಕೂ ಕಡೆಯಿಂದ ನೆನೆಯುವುದು, ಜೊತೆಗೆ ಬಾಯಿ ತೆರೆದಿದ್ದರೆ ಒಳಗಿನಿಂದಲೂ ನೆನೆಯುವುದು ಅದೊಂದೇ.

ನಿನ್ನ ಅಪ್ಪ ಸುಮ್ಮನೆ ಕೂರುವ ಮನುಷ್ಯ ಅಲ್ಲ. ಮೇ ತಿಂಗಳ ಕೊನೆಗೆ, ಮುಂಗಾರು ಹತ್ತುವ ಮೊದಲು, ಏಣಿ ಹಾಕಿ ಹತ್ತಿ ಬಿರುಕು ಕಂಡಲ್ಲೆಲ್ಲ ಸಿಮೆಂಟ್ ಮೆತ್ತುತ್ತಿದ್ದರು. ನೀನು ಕೆಳಗೆ ನಿಂತು ಬಾಣಲೆ ಎತ್ತಿಕೊಡುತ್ತಿದ್ದೆ, ನೆನಪಿದೆಯಾ? ಒಂದು ವರ್ಷ ಸಂದಿಗೆ, ಇನ್ನೊಂದು ವರ್ಷ ಮೂಲೆಗೆ, ಕೊನೆಗೆ ಇಡೀ ಚಿಮ್ನಿಗೇ ಒಂದು ಅಂಗಿ ಹೊಲಿಸಿದ ಹಾಗೆ ಸಿಮೆಂಟ್ ಗಾರೆ. ಆ ಮಳೆಗಾಲ ಸೋರುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ನಿನ್ನ ಕೋಣೆಯ ಗೋಡೆಯಲ್ಲಿ ಕಂದು ನೀರು ಇಳಿಯುತ್ತಿತ್ತು. ಅದೇ ಗೋಡೆಗೆ ತಾಗಿ ನಿನ್ನ ಮಂಚ ಇತ್ತು. ಆರು ವರ್ಷದವಳಿದ್ದಾಗಿನಿಂದ ನಿನ್ನ ಎದೆ ಗುರುಗುಟ್ಟುತ್ತಿದ್ದದ್ದು ಚಳಿಗೆ ಅಂತಲೇ ನಾವು ತಿಳಿದಿದ್ದೆವು.

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳ, ಒಂದು ರಾತ್ರಿಯನ್ನು ನಾನು ನಿನಗೆ ಸರಿಯಾಗಿ ಹೇಳಿದ್ದೇ ಇಲ್ಲ. ನಿನಗೆ ಒಂಬತ್ತು ವರ್ಷ. ನಾಲ್ಕು ದಿನದಿಂದ ಬಿಡದ ಮಳೆ, ಕಿಟಕಿ ಬಾಗಿಲು ಎಲ್ಲ ಹಾಕಿ ಬೆಂಕಿ ಮಾಡಿ ಹಾಲಿನಲ್ಲೇ ಚಾಪೆ ಹಾಸಿ ಮಲಗಿದ್ದೆವು. ನಡುರಾತ್ರಿ ನನಗೆ ತಲೆ ಸಿಡಿಯುವ ಹಾಗಾಗಿ ಎಚ್ಚರವಾಯಿತು. ಎದ್ದರೆ ಕಾಲು ನಿಲ್ಲುತ್ತಿಲ್ಲ. ನಿನ್ನನ್ನು ಅಲ್ಲಾಡಿಸಿದರೆ ನೀನು ಕಣ್ಣು ಬಿಡಲಿಲ್ಲ. ಅಪ್ಪ ನಿನ್ನನ್ನು ಎತ್ತಿಕೊಂಡು ಜಗಲಿಗೆ ಓಡಿದರು, ಮಳೆಯ ಎರಚಲು ಮುಖಕ್ಕೆ ಬಿದ್ದಮೇಲೆ ನೀನು ಅತ್ತೆ. ಆ ಅಳು ಕೇಳಿ ನನಗೆ ಜೀವ ಬಂತು. ಬೆಳಿಗ್ಗೆ ನೋಡಿದರೆ, ಚಿಮ್ನಿಯ ಒಳಗಿನಿಂದ ಎರಡು ಇಟ್ಟಿಗೆ ಕಳಚಿ ಹೊಗೆಯ ದಾರಿಗೆ ಅಡ್ಡ ಕೂತಿದ್ದವು. ಶಾಲೆಯಲ್ಲಿ ಹತ್ತನೇ ತರಗತಿಗೆ ಕಾರ್ಬನ್ ಮೊನಾಕ್ಸೈಡ್ ಪಾಠ ಮಾಡುತ್ತಿದ್ದವಳು ನಾನು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗ ಕಸಿದುಕೊಳ್ಳುತ್ತದೆ ಅಂತ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ನನ್ನ ಮನೆಯ ಹಾಲಿನಲ್ಲಿ ಅದು ತುಂಬಿಕೊಂಡದ್ದು ನನಗೆ ಗೊತ್ತಾಗಲಿಲ್ಲ.

ಆ ದಿನದಿಂದ ಬೆಂಕಿ ಹಾಕುವುದನ್ನು ಬಿಟ್ಟೆವು. ಅಪ್ಪ ಮೆತ್ತುವುದನ್ನು ಮಾತ್ರ ಬಿಡಲಿಲ್ಲ, ಗೋಡೆಗೆ ನೀರಿಳಿಯಬಾರದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದಾಗ ನಮ್ಮ ಚಿಮ್ನಿಯ ತಲೆಯೂ ಒಡೆದು ಹೆಂಚಿನ ಮೇಲೆ ಬಿತ್ತು. ಜನ ಮನೆಮಠ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿದ್ದ ಹೊತ್ತು ಅದು, ನಾವು ಅದರ ಮೇಲೊಂದು ತಗಡು ಮುಚ್ಚಿ ಕಲ್ಲು ಹೇರಿ ಸುಮ್ಮನಾದೆವು. ತಗಡಿನ ಕೆಳಗೆ ತುಡುವೆ ಜೇನು ಬಂದು ಕೂತಿತು. ಅಪ್ಪ ಹೋದಮೇಲೆ ನಾನು ಆ ಕಡೆ ತಲೆಯೆತ್ತಿ ನೋಡಲೂ ಇಲ್ಲ.

ಈ ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿಸಿ, ಹೂಮಳೆ ಬರುವ ಮೊದಲು ಕೆಲಸ ಹಿಡಿದೆ. ಜೇನು ಕಟ್ಟುವ ಹುಡುಗನೊಬ್ಬ ಬಂದು ಕುಟುಂಬವನ್ನು ಪೆಟ್ಟಿಗೆಗೆ ಇಳಿಸಿದ, ಈಗ ಅದು ಕಿತ್ತಳೆ ಮರದ ಕೆಳಗಿದೆ. ಕುಟ್ಟ ಕಡೆಯ ಮೇಸ್ತ್ರಿ ಬಿದಿರಿನ ಸಾರುವೆ ಕಟ್ಟಿ ಹತ್ತಿದ. ನಾನೂ ಅರ್ಧದವರೆಗೆ ಹತ್ತಿದೆ, ಬೈಯಬೇಡ.

ಅವನು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದ್ದಷ್ಟೇ, ಸಿಮೆಂಟಿನ ಅಂಗಿ ಹಲಗೆಯ ಹಾಗೆ ಇಡಿಯಾಗಿ ಕಳಚಿ ಬಂತು. ಒಳಗಿನ ಇಟ್ಟಿಗೆಗಳನ್ನು ಬರಿಗೈಯಲ್ಲಿ ಎತ್ತಿ ಎತ್ತಿ ಕೊಟ್ಟ. ಸಂದಿಯಲ್ಲಿ ಗಾರೆಯೇ ಇರಲಿಲ್ಲ, ಒದ್ದೆ ಮರಳು ಇತ್ತು, ಅವನ ಮೊಣಕೈವರೆಗೆ ಸುರಿಯಿತು. ಹೊಗೆ ಹೋಗುವ ಮುಖಕ್ಕೆ ಬೆಲ್ಲದ ಪಾಕದ ಹಾಗೆ ಕಪ್ಪು ಟಾರು ಹೆಪ್ಪುಗಟ್ಟಿತ್ತು, ಬೆರಳಿಟ್ಟರೆ ಅಂಟುತ್ತಿತ್ತು. ಹೆಂಚಿಗೂ ಚಿಮ್ನಿಗೂ ನಡುವೆ ಬಗ್ಗಿಸಿ ಕೂರಿಸಿದ್ದ ತಗಡು ಹಪ್ಪಳದ ಹಾಗೆ ಮುರಿಯಿತು.

ಆ ಸಿಮೆಂಟಿನ ಹಲಗೆಯ ಒಂದು ತುಂಡು ನನ್ನ ಕೈಗೆ ಕೊಟ್ಟು "ನೋಡಿ ಟೀಚರ್" ಅಂದ. ಪಕ್ಕದಿಂದ ನೋಡಿದರೆ ಒಂಬತ್ತು ಪದರ. ಕೆಳಗಿನವು ನಮ್ಮ ತೋಡಿನ ಕೆಂಪು ಮರಳಿನವು, ಮೇಲಿನವು ಎಂ-ಸ್ಯಾಂಡಿನ (ಕಲ್ಲು ಪುಡಿಮಾಡಿದ ಮರಳಿನ) ಬೂದು. ಕೆಲವು ಪದರಗಳ ಮೇಲೆ ಮೊಳೆಯಲ್ಲಿ ಗೀಚಿದ ಅಂಕಿ: 94, 98, 2003. ಮಳೆಯ ಇಂಚು, ಸೆಂಟ್ಸ್ (ಇಂಚಿನ ನೂರನೇ ಪಾಲು) ಡೈರಿಯಲ್ಲಿ ಬರೆದಿಡುತ್ತಿದ್ದ ಹಾಗೆಯೇ ಇದನ್ನೂ ಬರೆದಿಟ್ಟಿದ್ದರು. ಸಾರುವೆಯ ಮೇಲೆ ನಿಂತೇ ಅತ್ತುಬಿಟ್ಟೆ. ಅವರು ಅಷ್ಟು ವರ್ಷ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸವೇ ಚಿಮ್ನಿಯನ್ನು ಕೊಳೆಸಿತ್ತು.

ಕಾರಣ ಕಷ್ಟದ್ದಲ್ಲ. ಇಟ್ಟಿಗೆ ಮತ್ತು ಸುಣ್ಣದ ಗಾರೆ ನೀರು ಕುಡಿಯುತ್ತವೆ, ಬಿಸಿಲಿಗೆ ಬಿಟ್ಟುಕೊಡುತ್ತವೆ. ಮೇಲೆ ಗಟ್ಟಿ ಸಿಮೆಂಟ್ ಬಳಿದರೆ, ಬೆಂಕಿಯ ಬಿಸಿಗೆ ಒಳಗೋಡೆ ಹಿಗ್ಗಿ ಕುಗ್ಗುವಾಗ ಅದರಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಆ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಹೊಗೆಯ ಆಮ್ಲ ಆ ನೀರಿನಲ್ಲಿ ಕರಗಿ ಗಾರೆಯನ್ನು ಒಳಗೊಳಗೇ ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು.

ಈಗ ನಿನ್ನ ಮನೆಗೆ ಬರೋಣ. ನೋವಾ ಸ್ಕೋಷಿಯಾದ ನಿನ್ನ ಕಡಲ ದಂಡೆಯಲ್ಲಿ ನಮ್ಮಷ್ಟು ಮಳೆ ಇಲ್ಲದಿರಬಹುದು. ಆದರೆ ಅಲ್ಲಿ ನಮಗಿಲ್ಲದ ಎರಡು ಇವೆ, ಉಪ್ಪು ಮತ್ತು ಹಿಮ. ಕಡಲ ಗಾಳಿಯ ಉಪ್ಪು ನೀರಿನ ಜೊತೆ ಇಟ್ಟಿಗೆಯ ಒಳಗೆ ಇಳಿದು, ನೀರು ಆರಿದಾಗ ಹರಳುಗಟ್ಟಿ, ಇಟ್ಟಿಗೆಯ ಮುಖವನ್ನು ಪದರ ಪದರವಾಗಿ ದೂಡಿ ಉದುರಿಸುತ್ತದೆ. ನೀನು ಕಳಿಸಿದ ಫೋಟೋದಲ್ಲಿ ಕೆಳಗೆ ಹುಲ್ಲಿನ ಮೇಲೆ ಕೆಂಪು ಚಕ್ಕೆಗಳಿದ್ದವಲ್ಲ, ಅವೇ. ಇನ್ನು ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಚಳಿಗಾಲದಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಅದು ಮತ್ತೆ ಮತ್ತೆ ಬೆಣೆ ಹೊಡೆದ ಹಾಗೆ. 2022ರ ಸೆಪ್ಟೆಂಬರಿನ ಫಿಯೋನಾ ಚಂಡಮಾರುತದಲ್ಲಿ ಚಿಮ್ನಿಯ ಟೋಪಿ ಹಾರಿಹೋಯಿತು, ಹಳೆಯ ಯಜಮಾನರು ಹಾಕಿಸಲೇ ಇಲ್ಲ ಅಂದೆ. ಅಂದರೆ ಅಲ್ಲಿಂದೀಚೆಗಿನ ಎಲ್ಲ ಮಳೆ, ಹಿಮ ನೇರ ಒಳಗೇ ಬಿದ್ದಿದೆ. ಅದರ ಮೇಲೆ ಸಿಮೆಂಟ್ ಬಳಿಸಿದರೆ ನೀರನ್ನೂ ಉಪ್ಪನ್ನೂ ಒಳಗೆ ಕೂಡಿಹಾಕಿದ ಹಾಗೆ.

ಬಿಚ್ಚುವುದು ಎಲ್ಲಿಯವರೆಗೆ ಅಂತ ಮೊದಲೇ ನಿಗದಿ ಮಾಡಬೇಡ. ಗಟ್ಟಿ ಇಟ್ಟಿಗೆ, ಗಟ್ಟಿ ಗಾರೆ ಸಿಗುವವರೆಗೆ ಇಳಿಯಲಿ. ನಮ್ಮಲ್ಲಿ ಮಾಡಿನಿಂದ ಎರಡಡಿ ಕೆಳಗೆ, ಅಟ್ಟದ ಒಳಗಿನವರೆಗೂ ಇಳಿಯಬೇಕಾಯಿತು. ಗಾರೆ ಇಟ್ಟಿಗೆಗಿಂತ ಮೆತ್ತಗಿರಲಿ. ನಮ್ಮ ಮೇಸ್ತ್ರಿ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಕಲಸಿದ. ಗೋಣಿ ಹೊದಿಸಿ ಹತ್ತು ದಿನ ನೀರುಣಿಸಿದೆವು. ನಿಮ್ಮಲ್ಲಿ ಹೆಪ್ಪುಗಟ್ಟುವ ಚಳಿ ಬಂದಮೇಲೆ ಗಾರೆ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಸೆಪ್ಟೆಂಬರಿನಲ್ಲೇ ಮುಗಿಸು, ಅಕ್ಟೋಬರಿಗೆ ತಳ್ಳಬೇಡ.

ತಗಡಿನ ವಿಷಯದಲ್ಲಿ ಜಿಪುಣತನ ಮಾಡಬೇಡ. ಸತುವು ಲೇಪಿಸಿದ ಕಬ್ಬಿಣದ ತಗಡು ನಮ್ಮ ಮಳೆಗೇ ಹಪ್ಪಳವಾಯಿತು, ನಿಮ್ಮ ಉಪ್ಪಿಗೆ ಎಷ್ಟು ಬಾಳೀತು? ಹೊಗೆ ಹೋಗಲು ಚಿಮ್ನಿಯೊಳಗೆ ಇಳಿಸುವ ಪೈಪೂ ಮೇಲಿನ ಟೋಪಿಯೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. 304 ದರ್ಜೆಯಲ್ಲಿಲ್ಲದ ಮಾಲಿಬ್ಡಿನಂ ಎಂಬ ಲೋಹ ಅದರಲ್ಲಿರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಟೋಪಿಗೆ ಜಾಲರಿ ಇರಲಿ, ಇಲ್ಲದಿದ್ದರೆ ಹಕ್ಕಿ ಗೂಡು ಕಟ್ಟುತ್ತದೆ.

ಚಿಮ್ನಿಯ ತಲೆಗೆ ಹಾಕುವ ಕಾಂಕ್ರೀಟ್ ಗೋಡೆಯ ಮಟ್ಟಕ್ಕೇ ನಿಲ್ಲಬಾರದು, ಸುತ್ತ ಎರಡು ಅಂಗುಲ ಹೊರಚಾಚಿ, ಅದರ ಅಡಿಯಲ್ಲಿ ಒಂದು ಗೀರು ಇರಬೇಕು. ನಮ್ಮ ಮೇಸ್ತ್ರಿ ಅಚ್ಚಿನೊಳಗೆ ಒಂದು ಹಗ್ಗ ಇಟ್ಟು ಕಾಂಕ್ರೀಟ್ ಸುರಿದು, ಆಮೇಲೆ ಹಗ್ಗ ಎಳೆದುಬಿಟ್ಟ, ಗೀರು ಮೂಡಿತು. ಹರಿದುಬಂದ ನೀರು ಅಲ್ಲಿಗೆ ಬಂದು ಮುಂದೆ ಹೋಗಲಾರದೆ ತೊಟ್ಟಿಕ್ಕುತ್ತದೆ, ಗೋಡೆ ಮುಟ್ಟುವುದಿಲ್ಲ. ಮೊದಲ ಮಳೆಯಲ್ಲಿ ಛತ್ರಿ ಹಿಡಿದು ಅಂಗಳದಲ್ಲಿ ನಿಂತು ಅದನ್ನೇ ನೋಡಿದೆ. ನಾಲ್ಕೂ ಕಡೆ ಮಣಿಸರದ ಹಾಗೆ ಹನಿ ಬೀಳುತ್ತಿತ್ತು.

ಎತ್ತರವನ್ನೂ ಅಳೆಸು. ಮಾಡನ್ನು ತೂರಿ ಬಂದ ಜಾಗದಿಂದ ಕನಿಷ್ಠ ಮೂರಡಿ, ಸುತ್ತ ಹತ್ತಡಿಯೊಳಗೆ ಇರುವ ಯಾವುದಕ್ಕಿಂತಲೂ ಎರಡಡಿ ಮೇಲಿರಬೇಕು. ಅಜ್ಜನ ಚಿಮ್ನಿ ಮಾಡಿನ ನೆತ್ತಿಗಿಂತ ಗಿಡ್ಡ ಇತ್ತು, ಗಾಳಿ ನೆತ್ತಿಯ ಮೇಲಿಂದ ಮಗುಚಿ ಹೊಗೆಯನ್ನು ಒಳಗೇ ಒತ್ತುತ್ತಿತ್ತು. ಪೈಪಿನ ಅಳತೆಗೂ ಲೆಕ್ಕ ಇದೆ: ಬೆಂಕಿಗೂಡಿನ ಬಾಯಿಯ ವಿಸ್ತೀರ್ಣದ ಹನ್ನೆರಡರಲ್ಲಿ ಒಂದು ಪಾಲಾದರೂ ದುಂಡನೆಯ ಪೈಪಿಗೆ ಬೇಕು. ನಮ್ಮದು 30 ಅಂಗುಲ ಅಗಲ, 27 ಎತ್ತರ, ಅಂದರೆ 810 ಚದರ ಅಂಗುಲ. 10 ಅಂಗುಲದ ಪೈಪ್ ಹಾಕಿಸಿದೆ, 78 ಚದರ ಅಂಗುಲ ಸಿಗುತ್ತದೆ, ಧಾರಾಳವಾಯಿತು. ನಿನ್ನದರ ಅಳತೆ ಕಳಿಸು, ಕೂತು ಲೆಕ್ಕ ಹಾಕಿ ಹೇಳುತ್ತೇನೆ.

ಇದೆಲ್ಲಕ್ಕೂ ಮೊದಲು, ಈ ಪತ್ರ ಮುಟ್ಟಿದ ದಿನವೇ, ಕಾರ್ಬನ್ ಮೊನಾಕ್ಸೈಡ್ ಅಲಾರಾಂ ತಂದು ಮಗು ಮಲಗುವ ಕೋಣೆಯ ಹೊರಗೆ ಹಾಕು. ಕೆಲಸ ಮುಗಿದು, ಒಳಗೆಲ್ಲ ಪರೀಕ್ಷೆ ಮಾಡಿಸುವವರೆಗೆ ಒಂದು ಕಡ್ಡಿಯನ್ನೂ ಆ ಬೆಂಕಿಗೂಡಿನಲ್ಲಿ ಹೊತ್ತಿಸಬೇಡ. ಎಷ್ಟೇ ಚಳಿಯಾಗಲಿ. ಇದನ್ನು ನಿನಗೆ ಕೈಮುಗಿದು ಹೇಳುತ್ತಿದ್ದೇನೆ.

ನಮ್ಮ ಚಿಮ್ನಿ ಈ ಕಕ್ಕಡವನ್ನು ದಾಟಿತು. ಒಂದೇ ದಿನ 6 ಇಂಚು 20 ಸೆಂಟ್ಸ್ ಬಿದ್ದದ್ದೂ ಇದೆ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡಿ, ಇಷ್ಟು ವರ್ಷಗಳ ಮೇಲೆ ಮೊದಲ ಸಲ ಹಾಲಿನಲ್ಲಿ ಬೆಂಕಿ ಹಾಕಿದೆ. ಒಣಗಿದ ಕಾಫಿ ಬುಡ ಎರಡು, ಸಿಲ್ವರ್ ಓಕ್ ಸೀಳು ನಾಲ್ಕು. ಹೊಗೆ ದಾರಿ ಹಿಡಿದು ನೇರ ಮೇಲೆ ಹೋಯಿತು. ಆಮೇಲೆ ನಿನ್ನ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತೆ. ಬೆಚ್ಚಗಿತ್ತು, ಒಣಗಿತ್ತು. ಕಂದು ಕಲೆ ಹಾಗೇ ಇದೆ, ಬೇಸಿಗೆಯಲ್ಲಿ ನೀನು ಬಂದಮೇಲೆ ಸುಣ್ಣ ಹೊಡೆಸೋಣ.

ಹೊಸ ಚಿಮ್ನಿಯ ಪೂರ್ವದ ಕಡೆ, ತಲೆಯ ಕಾಂಕ್ರೀಟ್ ಹಸಿ ಇರುವಾಗ, ನಾನೂ ಮೊಳೆಯಲ್ಲಿ ವರ್ಷ ಗೀಚಿದ್ದೇನೆ. ಅಪ್ಪನ ಒಂಬತ್ತು ಪದರದ ತುಂಡು ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿದೆ. ಮೇಸ್ತ್ರಿ ಎಸೆಯಲು ಹೊರಟಿದ್ದ, ನಾನು ಬಿಡಲಿಲ್ಲ.

ಅಲ್ಲಿ ಬಿಚ್ಚುವ ದಿನ ಗೊತ್ತಾದರೆ ತಿಳಿಸು. ಮೊದಲ ಇಟ್ಟಿಗೆ ಎತ್ತಿದಾಗ ಒಳಗೆ ಏನು ಕಾಣುತ್ತದೋ ಫೋಟೋ ತೆಗೆದು ಕಳಿಸು. ನಮಗೆ ಆಗ ರಾತ್ರಿಯಾಗಿದ್ದರೂ ಪರವಾಗಿಲ್ಲ, ನಾನು ಎದ್ದೇ ಇರುತ್ತೇನೆ.

ನಿನ್ನ
ಅವ್ವ